ವ್ಯಾಗನ್‌ಆರ್: ಪೇಟೆಗೆ ಸರಿ, ಹೆದ್ದಾರಿಗೆ?

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಸಣ್ಣ ಕಾರಿನ ಮಾತೆತ್ತಿದರೆ ಮಾರುತಿಯ ವ್ಯಾಗನ್‌ಆರ್ ಹೆಸರು ಬಂದೇ ಬರುತ್ತದೆ. 1999ರಲ್ಲಿ ಬಂದ ಈ ಕಾರಿನ ಈಗಿನ ರೂಪ 2019ರದು.

ಉದ್ದ 3655 ಮಿ.ಮೀ.; ಇಕ್ಕಟ್ಟಿನಲ್ಲೂ ನಿಲ್ಲಿಸಬಹುದು. ಎತ್ತರ 1675 ಮಿ.ಮೀ. ಇರುವುದರಿಂದ ಮಂಡಿನೋವಿನ ಹಿರಿಯರು ಹೆಚ್ಚು ಬಗ್ಗದೆ ಹತ್ತಿ ಇಳಿಯಬಹುದು. ತಾನಾಗಿ ಗೇರು ಬದಲಿಸುವ ಮಾದರಿ ಕೊಂಚ ತಡವರಿಸಿದರೂ, ವಾಹನಗಳ ದಟ್ಟಣೆಯಲ್ಲಿ ಎಡಗಾಲಿಗೆ ಬಿಡುವು ಕೊಡುತ್ತದೆ.

ಹಿಂಬದಿಯ 341 ಲೀಟರ್ ಜಾಗ ನೋಡಿದರೆ ಊರಿಗೂ ಇದರಲ್ಲೇ ಹೋಗೋಣವೆನ್ನಿಸುವುದು ಸಹಜ. ಯೋಚಿಸಬೇಕಾದದ್ದು ಅಲ್ಲಿಯೇ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಒಂದೇ ನಕ್ಷತ್ರ, ಮಕ್ಕಳ ರಕ್ಷಣೆಗೆ ಸೊನ್ನೆ ಬಂತು. ಕಾರಿನ ಒಡಲೂ ಭದ್ರವಲ್ಲವೆಂದು ಕಂಡಿತು. ಆಗ ಎರಡಿದ್ದ ಏರ್‌ಬ್ಯಾಗ್‌ಗಳು 2025ರಲ್ಲಿ ಆರಾದವು, ನಿಜ. ಆದರೆ ಗೋಡೆ ಗಟ್ಟಿಯಿಲ್ಲದ ಮನೆಗೆ ದಿಂಬು ಹೆಚ್ಚಿಸಿದರೆ ಸಾಲದು. ಪೇಟೆಯ ಓಡಾಟಕ್ಕೆ ಧಾರಾಳವಾಗಿ ಕೊಳ್ಳಿ. ಮಕ್ಕಳೊಡನೆ ಊರಿಗೆ ಹೊರಟಾಗ ರೈಲೇ ಲೇಸು.