ಹಗಲಿಗೊಂದು ದ್ವೀಪ

ಕೊಚ್ಚಿಯಿಂದ ಹೊರಟ ‘ಎಂ.ವಿ. ಕವರತ್ತಿ’ ಹಡಗು ಲಕ್ಷದ್ವೀಪದ ಒಂದು ದ್ವೀಪದ ಎದುರು ಬೆಳಗಿನ ಹೊತ್ತಿಗೆ ಬಂದು ನಿಲ್ಲುತ್ತದೆ. ಸುತ್ತ ಹವಳದ ದಿಬ್ಬವಿರುವುದರಿಂದ ಇಷ್ಟು ದೊಡ್ಡ ಹಡಗು ಒಳಗಿನ ತಿಳಿನೀರಿಗೆ, ಅಂದರೆ ಲಗೂನಿಗೆ, ಹೋಗಲಾರದು. ಪ್ರಯಾಣಿಕರು ಲೈಫ್ ಜಾಕೆಟ್ ಕಟ್ಟಿಕೊಂಡು ಹಡಗಿನ ಮಗ್ಗುಲಿನ ಬಾಗಿಲಿಗೆ ಇಳಿದು ಬರುತ್ತಾರೆ. ಹೊರಗೆ ಸಣ್ಣ ದೋಣಿ ಅಲೆಯೊಂದಿಗೆ ಏರುತ್ತದೆ, ಇಳಿಯುತ್ತದೆ. ಅದು ಮೇಲೇರುವ ಗಳಿಗೆಗೆ ಕಾದಿದ್ದು, ದೋಣಿಯವರು ಎರಡೂ ತೋಳು ಹಿಡಿದು ಒಬ್ಬೊಬ್ಬರನ್ನೇ ಒಳಕ್ಕೆ ಎಳೆದುಕೊಳ್ಳುತ್ತಾರೆ. ದಂಡೆಯಲ್ಲಿ ಎಳನೀರು, ನಂತರ ಈಜು, ಕಯಾಕ್, ಗಾಜಿನ ತಳದ ದೋಣಿ, ಮಧ್ಯಾಹ್ನ ಅನ್ನ ಮತ್ತು ಟ್ಯೂನಾ ಮೀನಿನ ಸಾರು, ಊರಲ್ಲೊಂದು ಸುತ್ತು. ಸಂಜೆಗೆ ಮತ್ತೆ ಅದೇ ದೋಣಿ, ಅದೇ ಬಾಗಿಲು. ರಾತ್ರಿಯಿಡೀ ಹಡಗು ಸಾಗಿ ಮರುದಿನ ಇನ್ನೊಂದು ದ್ವೀಪ ಮುಟ್ಟುತ್ತದೆ.

ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಪ್ರವಾಸದ ಕ್ರಮ ಇದು. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ದ್ವೀಪಗಳಿಗೆ ತಲಾ ಒಂದು ಹಗಲು. ನಿದ್ದೆ, ಸ್ನಾನ ಎಲ್ಲ ಹಡಗಿನಲ್ಲೇ. ಹೀಗೆ ಬಂದು ಹೀಗೆ ಹೋಗುವುದು ದ್ವೀಪಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಈಗ ಕೇಳಿಕೊಳ್ಳಲೇಬೇಕು. 2024ರ ಜನವರಿಯಲ್ಲಿ ಪ್ರಧಾನಿಯ ಭೇಟಿಯ ಚಿತ್ರಗಳು ದೇಶವೆಲ್ಲ ಹರಿದಾಡಿದ ಮೇಲೆ ಈ ದ್ವೀಪಗಳತ್ತ ನೋಡದಿದ್ದವರೂ ನೋಡತೊಡಗಿದ್ದಾರೆ. ರೆಸಾರ್ಟುಗಳ ಯೋಜನೆಗಳೂ ಸಾಲುಗಟ್ಟಿವೆ.

ದ್ವೀಪದಲ್ಲಿ ಒಂದು ಹಗಲು ಮಾತ್ರ ಕಳೆಯುವುದು ಅರೆಬರೆ ಪ್ರವಾಸ ಎಂದು ತಳ್ಳಿಹಾಕುವವರಿದ್ದಾರೆ. ಅವರು ಮೊದಲು ನೋಡಬೇಕಾದದ್ದು ದ್ವೀಪದ ಬಾವಿಯನ್ನು. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿಯ ದ್ವೀಪಗಳು ಹತ್ತೇ. 2011ರ ಜನಗಣತಿಯ ಪ್ರಕಾರ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನ. ಒಂದು ಹೊಳೆಯಿಲ್ಲ, ಬೆಟ್ಟವಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆ ವ್ಯತ್ಯಾಸವೇ ದ್ವೀಪದ ಬದುಕನ್ನು ಹಿಡಿದು ನಿಲ್ಲಿಸಿದೆ. ಪಂಪು ಹಾಕಿ ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಶೌಚದ ಗುಂಡಿಯ ನೀರು ಸಡಿಲ ಮರಳಿನಲ್ಲಿ ಬಸಿದು ಬಾವಿ ಸೇರಲು ಹೆಚ್ಚು ಹೊತ್ತು ಬೇಡ.

ಈ ಕೊರತೆ ನೀಗಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಘಟಕ ಕಟ್ಟಿತು. ಮೇಲ್ಮೈಯ ಬೆಚ್ಚನೆಯ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಸುಮಾರು 350 ಮೀಟರ್ ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ವಿಧಾನ ಅದು. ಮುಂದೆ ಮಿನಿಕಾಯ್ ಮತ್ತು ಅಗತ್ತಿಯಲ್ಲೂ ಇಂಥ ಘಟಕಗಳು ಬಂದವು. ಒಂದು ಲಕ್ಷ ಲೀಟರ್ ಎಂದರೆ ಹತ್ತು ಸಾವಿರ ಜನರಿಗೆ ತಲಾ ಹತ್ತು ಲೀಟರ್. ಕುಡಿಯಲು, ಅಡುಗೆಗೆ ಸಾಕು. ರೆಸಾರ್ಟಿನ ಶವರು, ಈಜುಕೊಳ, ದಿನಕ್ಕೊಂದು ಸಲ ಬದಲಾಗುವ ಹಾಸಿಗೆ ಬಟ್ಟೆಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಹಗಲಿನ ಅತಿಥಿಯ ದೊಡ್ಡ ಗುಣ ಇಲ್ಲಿದೆ. ಅವನು ರಾತ್ರಿ ಉಳಿಯುವುದಿಲ್ಲ, ದ್ವೀಪದ ನೀರಿನಲ್ಲಿ ಮೀಯುವುದಿಲ್ಲ, ಅವನಿಗಾಗಿ ತೆಂಗಿನ ತೋಟ ಕಡಿದು ಕೋಣೆ ಕಟ್ಟಬೇಕಾಗಿಲ್ಲ. ತಾಜ್ ಹೋಟೆಲುಗಳ ಸಮೂಹ ಸುಹೇಲಿ ಮತ್ತು ಕಡಮತ್‌ನಲ್ಲಿ ಎರಡು ರೆಸಾರ್ಟು ಕಟ್ಟುವುದಾಗಿ 2023ರಲ್ಲಿ ಪ್ರಕಟಿಸಿತು. ದಂಡೆಯ ವಿಲ್ಲಾಗಳ ಜೊತೆ ನೀರಿನ ಮೇಲಿನ ವಿಲ್ಲಾಗಳೂ ಆ ಯೋಜನೆಯಲ್ಲಿವೆ. ಅದರ ಪಕ್ಕದಲ್ಲಿಟ್ಟು ನೋಡಿದರೆ ಹಡಗಿನಲ್ಲಿ ಮಲಗಿ ಹಗಲಿಗೆ ದ್ವೀಪ ನೋಡುವ ಹಳೆಯ ಪದ್ಧತಿಯೇ ವಿವೇಕದ್ದು. ಹಡಗು ತನ್ನ ಹೊಲಸನ್ನು ನಡುಗಡಲಿಗೆ ಬಿಡದೆ ಬಂದರಿಗೆ ಒಯ್ಯಬೇಕು ಎಂಬ ಷರತ್ತು ಮಾತ್ರ ಇದಕ್ಕೆ ಸೇರಬೇಕು.

ಆದರೆ ರಾತ್ರಿ ಉಳಿಯದಿದ್ದರೆ ಸಾಕು, ದ್ವೀಪ ಸುರಕ್ಷಿತ ಎನ್ನುವಂತಿಲ್ಲ. ಥಾಯ್ಲೆಂಡಿನ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿ ಇದಕ್ಕೆ ಸಾಕ್ಷಿ. ಅಲ್ಲಿ ಹೋಟೆಲಿಲ್ಲ, ಬರುವವರೆಲ್ಲ ಹಗಲಿನವರೇ. 2000ದಲ್ಲಿ ತೆರೆಕಂಡ ‘ದಿ ಬೀಚ್’ ಚಿತ್ರದಿಂದ ಹೆಸರಾದ ಆ ಪುಟ್ಟ ಮರಳ ದಂಡೆಗೆ ದಿನಕ್ಕೆ 5 ಸಾವಿರದಷ್ಟು ಜನ ಸ್ಪೀಡ್‌ಬೋಟುಗಳಲ್ಲಿ ಬಂದಿಳಿಯತೊಡಗಿದರು. ಲಂಗರು, ಪ್ರೊಪೆಲ್ಲರು, ಕಾಲ್ತುಳಿತಗಳಿಗೆ ಸಿಕ್ಕಿ ಹವಳ ನಾಶವಾಯಿತು. 2018ರ ಜೂನ್‌ನಲ್ಲಿ ಸರ್ಕಾರ ಕೊಲ್ಲಿಯನ್ನೇ ಮುಚ್ಚಿತು. 2022ರ ಜನವರಿಯಲ್ಲಿ ತೆರೆದಾಗ ನಿಯಮಗಳು ಬದಲಾಗಿದ್ದವು: ದೋಣಿಗಳು ದ್ವೀಪದ ಹಿಂಬದಿಯ ಜೆಟ್ಟಿಗೇ ಬರಬೇಕು, ಒಂದು ಸರದಿಗೆ ಇಂತಿಷ್ಟೇ ಜನ, ಈಜು ನಿಷಿದ್ಧ. ಮುಚ್ಚಿದ್ದ ಕಾಲದಲ್ಲಿ ಕಪ್ಪುತುದಿಯ ರೆಕ್ಕೆಯ ಶಾರ್ಕ್‌ಗಳು ಆಳವಿಲ್ಲದ ನೀರಿಗೆ ಮರಳಿ ಬಂದಿದ್ದವು. ಹಗಲಿನ ಪ್ರವಾಸ ದ್ವೀಪವನ್ನು ಉಳಿಸುವುದೂ ಕೆಡಿಸುವುದೂ ತಲೆಯೆಣಿಕೆಯ ಮೇಲೆ ನಿಂತಿದೆ.

ಲಕ್ಷದ್ವೀಪದಲ್ಲಿ ಈವರೆಗೆ ಆ ಎಣಿಕೆಯನ್ನು ಹಿಡಿತದಲ್ಲಿಟ್ಟದ್ದು ಎರಡು ಸಂಗತಿ. ಒಂದು ಪ್ರವೇಶದ ಪರವಾನಗಿ, ಇನ್ನೊಂದು ಹಡಗಿನ ಸೀಟು. ಸೀಟಿನ ವಿಚಾರದಲ್ಲಿ ಒಂದು ಅನ್ಯಾಯವೂ ಅಡಗಿದೆ. ಪ್ರವಾಸಿಗೆ ಸಂತೋಷದ ಯಾನವಾದದ್ದು ದ್ವೀಪದವರಿಗೆ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿಯ ದಾರಿ. ಕೊಚ್ಚಿಗೂ ದ್ವೀಪಗಳಿಗೂ ನಡುವೆ 220ರಿಂದ 440 ಕಿಲೋಮೀಟರ್ ಸಮುದ್ರ. ವಿಮಾನ ನಿಲ್ದಾಣ ಇರುವುದು ಅಗತ್ತಿಯೊಂದರಲ್ಲೇ. ಹಡಗಿನ ಟಿಕೆಟ್ ಸಿಗದೆ ದಿನಗಟ್ಟಲೆ ಕಾಯುವ ದೂರು ದ್ವೀಪದವರಲ್ಲಿ ಹಳೆಯದು. ಅವರ ಸೀಟು ಕಡಿಮೆಯಾಗದಂತೆ ಪ್ರವಾಸಿಗಳನ್ನು ಕರೆದೊಯ್ಯುವುದಾದರೆ ಮಾತ್ರ ಈ ಪ್ರವಾಸ ನ್ಯಾಯದ್ದಾಗುತ್ತದೆ.

ಇನ್ನು ಆ ಹಗಲನ್ನು ಹೇಗೆ ಕಳೆಯಿಸುತ್ತಾರೆ ಎಂಬುದು. ‘ಸಮುದ್ರಂ’ ಸೋಲುವುದು ಇಲ್ಲಿ. ಬೆಳಗಿನ ಒಳ್ಳೆಯ ಹೊತ್ತೆಲ್ಲ ನೀರಾಟಕ್ಕೆ ಹೋಗುತ್ತದೆ. ಊರಿಗೆ ಸಿಗುವುದು ಊಟದ ನಂತರ ಉಳಿದ ಸಮಯ. ಮೂರೂ ಕಡೆ ಅದೇ ಕಯಾಕ್, ಅದೇ ಸ್ನಾರ್ಕೆಲ್. ಹಿಂದಿರುಗಿದವರ ನೆನಪಿನಲ್ಲಿ ಮೂರು ದ್ವೀಪಗಳು ಕಲಸಿ ಒಂದೇ ನೀಲಿಯಾಗಿಬಿಡುತ್ತವೆ. ನಿಜದಲ್ಲಿ ಅವು ಒಂದಕ್ಕೊಂದು ಹೋಲುವುದಿಲ್ಲ.

ಕಲ್ಪೇನಿಯ ಪೂರ್ವ ದಂಡೆಯಲ್ಲಿ ಹವಳದ ಕಲ್ಲುಗಳ ಉದ್ದನೆಯ ಒಡ್ಡು ಇದೆ. 1847ರ ಚಂಡಮಾರುತ ಸಮುದ್ರದಿಂದ ಎತ್ತಿ ಎಸೆದು ಕಟ್ಟಿದ ಒಡ್ಡು ಅದು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ನೆಲದಲ್ಲಿ ಬದುಕುವುದು ಎಂದರೇನು ಎಂದು ತಿಳಿಯಲು ಅದರ ಮೇಲೆ ಅರ್ಧ ಗಂಟೆ ನಡೆದರೆ ಸಾಕು. ಲಕ್ಷದ್ವೀಪದಲ್ಲಿ ಹೆಣ್ಣುಮಕ್ಕಳು ಮೊದಲು ಶಾಲೆಗೆ ಹೋದದ್ದೂ ಇದೇ ದ್ವೀಪದಲ್ಲಿ. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆಯನ್ನು ನೋಡಲು ಮತ್ತೊಂದು ತಾಳ್ಮೆ ಬೇಕು. ಇಲ್ಲಿನ ಮುಸ್ಲಿಂ ಕುಟುಂಬಗಳಲ್ಲಿ ತಾಯಿಯ ಕಡೆಯಿಂದ ಮನೆತನ ಎಣಿಸುವ ಪದ್ಧತಿ ನಡೆದುಬಂದಿದೆ. ಅಳಿಯಕಟ್ಟನ್ನು ಬಲ್ಲ ತುಳುನಾಡಿನ ಪ್ರವಾಸಿ ಈ ಮನೆಗಳ ಮುಂದೆ ನಿಂತು ಮಾತಾಡಿದರೆ ಕೇಳಲು ಎಷ್ಟೋ ಇದೆ. ಪ್ರವಾಸದ ಪಟ್ಟಿಯಲ್ಲಿ ಅದಕ್ಕೆ ಗಳಿಗೆಯಿಲ್ಲ.

ಮಿನಿಕಾಯ್ ಅಂತೂ ಬೇರೆಯೇ ಲೋಕ. ಉಳಿದ ದ್ವೀಪಗಳಲ್ಲಿ ಮಲಯಾಳಂನ ಒಂದು ಬಗೆಯಾದ ಜೆಸರಿ ಆಡಿದರೆ, ಇಲ್ಲಿ ಮಾಲ್ಡೀವ್ಸಿನ ಭಾಷೆಗೆ ಸೇರಿದ ಮಹಲ್, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಊರು ‘ಅವಾ’ ಎಂಬ ಹಳ್ಳಿಗಳಾಗಿ ಹಂಚಿಕೊಂಡಿದೆ, ಪ್ರತಿಯೊಂದಕ್ಕೂ ಹಿರಿಯರು, ಸಭೆ ಸೇರುವ ಮನೆ, ಬಣ್ಣ ಬಳಿದ ಉದ್ದನೆಯ ಹುಟ್ಟುದೋಣಿ ಜಹಾಧೋನಿ. ಬ್ರಿಟಿಷರು 1885ರಲ್ಲಿ ಕಟ್ಟಿದ ದೀಪಸ್ತಂಭ ಹತ್ತಿದರೆ ಅರ್ಧಚಂದ್ರಾಕಾರದ ದ್ವೀಪವೂ ಲಗೂನೂ ಒಂದೇ ನೋಟಕ್ಕೆ ಸಿಗುತ್ತವೆ. ಎಲ್ಲರೂ ಅಲ್ಲಿ ಫೋಟೊ ತೆಗೆದು ಇಳಿಯುತ್ತಾರೆ.

ನೋಡಬೇಕಾದ ಇನ್ನೊಂದು ಸಂಗತಿ ಇಲ್ಲಿನ ಟ್ಯೂನಾ ಮೀನುಗಾರಿಕೆ. ಮಿನಿಕಾಯಿಯವರು ಈ ಮೀನಿಗೆ ಬಲೆ ಬೀಸುವುದಿಲ್ಲ. ಮೊದಲು ಲಗೂನಿನಲ್ಲಿ ಹವಳಗಳ ನಡುವಿನ ಸಣ್ಣ ಮೀನುಗಳನ್ನು ಹಿಡಿದು, ದೋಣಿಯ ನೀರಿನ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಹೊರಗಡಲಲ್ಲಿ ಟ್ಯೂನಾ ಹಿಂಡು ಕಂಡಾಗ ಆ ಮರಿಮೀನುಗಳನ್ನು ಎರಚುತ್ತಾರೆ, ಜೊತೆಗೆ ಮೇಲಿನಿಂದ ನೀರು ಚಿಮುಕಿಸುತ್ತಾರೆ. ಹಿಂಡು ಮೇಲೆ ಬಂದು ಮುಗಿಬೀಳುತ್ತದೆ. ಸಾಲಾಗಿ ನಿಂತವರು ಉದ್ದನೆಯ ಗಳಕ್ಕೆ ಕಟ್ಟಿದ, ಮುಳ್ಳಿಲ್ಲದ ಗಾಳವನ್ನು ನೀರಿಗಿಳಿಸಿ ಮೀನನ್ನು ತಲೆಯ ಮೇಲಿಂದ ಹಾಯಿಸಿ ದೋಣಿಯೊಳಗೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ಮೀನು ತಾನಾಗಿ ಕಳಚಿಕೊಳ್ಳುತ್ತದೆ. ಒಂದೊಂದೇ ಮೀನು, ಬೇಡದ ಜೀವಿ ಸಾಯುವುದು ತೀರಾ ಕಡಿಮೆ. ಆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದರೆ ಮಾಸ್. ತಿಂಗಳುಗಟ್ಟಲೆ ಕೆಡದ ಸರಕು.

ಇದನ್ನು ತಿಳಿದವನಿಗೆ ಲಗೂನು ಬರಿಯ ಈಜುವ ನೀರಾಗಿ ಕಾಣುವುದಿಲ್ಲ. ಲಗೂನಿನ ಹವಳ ಹಾಳಾದರೆ ಮರಿಮೀನು ಕಡಿಮೆ, ಮರಿಮೀನು ಇಲ್ಲದಿದ್ದರೆ ಗಾಳಕ್ಕೆ ಟ್ಯೂನಾ ಇಲ್ಲ. ಸಮುದ್ರ ಬಿಸಿಯೇರಿ 1998, 2010, 2016ರಲ್ಲಿ ಇಲ್ಲಿನ ಹವಳ ಬಿಳಿಚಿಕೊಂಡಿತು, 2024ರಲ್ಲಿ ಮತ್ತೊಮ್ಮೆ. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳದ ಹರವು ಅರ್ಧದಷ್ಟು ಇಳಿದಿದೆ. ಸಮುದ್ರದ ಬಿಸಿಯನ್ನು ಒಬ್ಬ ಪ್ರವಾಸಿ ತಡೆಯಲಾರ. ಆದರೆ ಸುಧಾರಿಸಿಕೊಳ್ಳುತ್ತಿರುವ ಹವಳದ ಮೇಲೆ ಕಾಲಿಟ್ಟು ನಿಲ್ಲದಿರುವುದು ಅವನ ಕೈಯಲ್ಲೇ ಇದೆ. ಸ್ನಾರ್ಕೆಲ್ ಕಟ್ಟಿಕೊಡುವ ಮೊದಲು ಹತ್ತು ನಿಮಿಷ ಈ ವಿಷಯ ಹೇಳಿದರೆ ಇಡೀ ದಿನದ ಅರ್ಥವೇ ಬದಲಾದೀತು.

ಕನ್ನಡದ ಪ್ರವಾಸಿಗೆ ಈ ಕ್ರಮದಲ್ಲಿ ಇನ್ನೊಂದು ನಷ್ಟವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 18ನೇ ಶತಮಾನದ ಕೊನೆಯಲ್ಲಿ ಅಮಿನಿಯವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1799ರಲ್ಲಿ ಟಿಪ್ಪು ಮಡಿದ ನಂತರ ಆ ದ್ವೀಪಗಳನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಮಂಗಳೂರಿನಿಂದಲೇ ಆಳಿತು. ಅಲ್ಲಿನ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬಂದು, ಅಕ್ಕಿ ಆ ಕಡೆ ಹೋಗುತ್ತಿತ್ತು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ದ್ವೀಪದ ಪ್ರಯಾಣಿಕರನ್ನು ಹೊತ್ತು ಮಂಗಳೂರಿನ ಹಳೆ ಬಂದರಿಗೆ ಬಂದಾಗ ಈ ನಂಟು ಮತ್ತೆ ಸುದ್ದಿಯಾಯಿತು. ಹೀಗಿದ್ದೂ ‘ಸಮುದ್ರಂ’ ದಾರಿಯಲ್ಲಿ ಈ ಗುಂಪಿನ ಒಂದು ದ್ವೀಪವೂ ಇಲ್ಲ.

ಹಾಗಾದರೆ ತೀರ್ಮಾನವೇನು? ಹಗಲಿಗೊಂದು ದ್ವೀಪ ಎಂಬ ಪದ್ಧತಿ ಉಳಿಯಬೇಕು, ಕೋಣೆ ಕಟ್ಟುವ ಯಾವ ಯೋಜನೆಗಿಂತಲೂ ಮೊದಲ ಸ್ಥಾನ ಅದಕ್ಕೇ ಸಲ್ಲಬೇಕು. ಆದರೆ ನಾಲ್ಕು ತಿದ್ದುಪಡಿ ಆಗಲೇಬೇಕು. ದಿನಕ್ಕೆ ಎಷ್ಟು ಜನ ಎಂಬುದನ್ನು ಹಡಗಿನ ಗಾತ್ರ ನಿರ್ಧರಿಸಬಾರದು, ಆ ದ್ವೀಪದ ನೀರು ಮತ್ತು ಹವಳದ ಸ್ಥಿತಿ ನಿರ್ಧರಿಸಬೇಕು. ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತ ಖಾಸಗಿ ಕ್ರೂಸ್ ಹಡಗುಗಳು ಇತ್ತ ಮುಖ ಮಾಡಿರುವಾಗ ಇದು ತಡವಾಗಕೂಡದು. ಬೆಳಗಿನ ಹೊತ್ತು ಊರಿಗೆ, ಮಧ್ಯಾಹ್ನದ ನಂತರ ನೀರಿಗೆ ಎಂದು ದಿನದ ಕ್ರಮ ತಿರುವುಮುರುವಾಗಬೇಕು. ದಾರಿ ತೋರಿಸುವ ಕೆಲಸವೂ ಸಂಬಳವೂ ಆ ಹಳ್ಳಿಯವರಿಗೇ ಸಿಗಬೇಕು. ದ್ವೀಪದವರ ಹಡಗಿನ ಸೀಟಿಗೆ ಪ್ರವಾಸಿಯಿಂದ ಕುತ್ತು ಬರಬಾರದು.

ಹೋಗುವವರು ಹೋಗಿ ಬನ್ನಿ. ನೀರಿನಲ್ಲಿ ಮರಳಿನ ಮೇಲಷ್ಟೇ ಕಾಲೂರಿ. ಒಯ್ದ ಪ್ಲಾಸ್ಟಿಕ್ಕನ್ನು ಹಡಗಿಗೇ ವಾಪಸು ತನ್ನಿ. ಹವಳದ ತುಂಡು ಎತ್ತಿ ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ದೋಣಿಗೆ ಕೈಹಿಡಿದು ಇಳಿಸಿದವರ ಹೆಸರು ಕೇಳಿ, ಅವರ ಊರಿನ ಬಗ್ಗೆ ಕೇಳಿ. ಮಿನಿಕಾಯಿಗೆ ಹೋದರೆ ಒಂದು ಪೊಟ್ಟಣ ಮಾಸ್ ಕೊಂಡು ತನ್ನಿ; ಆ ಹಣ ನೇರ ಮೀನುಗಾರರ ಮನೆಗೆ ಸೇರುತ್ತದೆ.