ಹಬ್ಬದ ಕಥೆ ಮತ್ತು ಬಾಲ್ಯದ ಕೊರತೆ: ಪ್ರೇಮಚಂದರ ‘ಈದ್‌ಗಾಹ್’ನ ಒಂದು ಜಾನಪದೀಯ ಓದು

ಹಬ್ಬವನ್ನು ವಸ್ತುವಾಗುಳ್ಳ ಭಾರತೀಯ ಸಣ್ಣಕಥೆಗಳಲ್ಲಿ ಪ್ರೇಮಚಂದರ ‘ಈದ್‌ಗಾಹ್’ (1933) ಕಥೆಗೆ ವಿಶಿಷ್ಟವಾದ ಸ್ಥಾನವಿದೆ. ರಂಜಾನಿನ ಮೂವತ್ತು ರೋಜಾಗಳು ಮುಗಿದು ಬಂದ ಈದ್ ದಿನ, ನಾಲ್ಕೈದು ವರ್ಷದ ಅನಾಥ ಬಾಲಕ ಹಾಮಿದ್ ಮೂರು ಪೈಸೆ ಹಿಡಿದು ಜಾತ್ರೆಗೆ ಹೋಗುತ್ತಾನೆ. ಆಟಿಕೆಯನ್ನಾಗಲಿ ಮಿಠಾಯಿಯನ್ನಾಗಲಿ ಕೊಳ್ಳದೆ, ಹಂಚಿನಿಂದ ರೊಟ್ಟಿ ತೆಗೆಯುವಾಗ ಬೆರಳು ಸುಟ್ಟುಕೊಳ್ಳುವ ಅಜ್ಜಿ ಅಮೀನಾಳಿಗಾಗಿ ಕಬ್ಬಿಣದ ಇಕ್ಕಳವೊಂದನ್ನು ತರುತ್ತಾನೆ. ಲೇಖಕರ ಬಾಲ್ಯವೇ ಈ ಕಥೆಯ ಮೂಲವೆಂಬ ಮಾತು ವಿಮರ್ಶೆಯಲ್ಲಿ ಸುಲಭವಾಗಿ ಬಂದುಬಿಡುತ್ತದೆ. ಆ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿ ಅದು ಸಾಲದಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರೇಮಚಂದರು (ಧನಪತರಾಯ್) 1880ರ ಜುಲೈ 31ರಂದು ಬನಾರಸಿನ ಸಮೀಪದ ಲಮಹಿ ಗ್ರಾಮದಲ್ಲಿ ಜನಿಸಿದರು. ತಂದೆ ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಏಳೆಂಟು ವರ್ಷದ ಬಾಲಕನಿದ್ದಾಗಲೇ ತಾಯಿ ಆನಂದಿ ದೇವಿ ತೀರಿಕೊಂಡರು. ಅನಂತರ ಸಲಹಿದ ಅಜ್ಜಿಯೂ ಬಹುಕಾಲ ಉಳಿಯಲಿಲ್ಲ. ತಂದೆ ಮರುಮದುವೆಯಾದರು, ಮಲತಾಯಿಯ ಮನೆಯಲ್ಲಿ ಬಾಲಕನಿಗೆ ಮಮತೆಯ ಕೊರತೆ ಉಳಿದೇ ಹೋಯಿತು. ಕಾಯಸ್ಥ ಮನೆತನದ ಈ ಹುಡುಗನಿಗೆ ಉರ್ದು ಮತ್ತು ಪಾರಸಿಯ ಮೊದಲ ಪಾಠ ದೊರೆತುದು ಮೌಲ್ವಿಯೊಬ್ಬರ ಬಳಿ. ‘ಈದ್‌ಗಾಹ್’ ಬರುವ ಹಿಂದಿನ ವರ್ಷ, 1932ರಲ್ಲಿ ಪ್ರಕಟವಾದ ‘ಕರ್ಮಭೂಮಿ’ ಕಾದಂಬರಿಯ ನಾಯಕ ಅಮರಕಾಂತನೂ ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡವನು. ಐವತ್ತರ ಗಡಿ ದಾಟಿದ ಮೇಲೂ ಆ ಗಾಯ ಲೇಖಕರಲ್ಲಿ ಮಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಆದರೆ ಜೀವನ ಮತ್ತು ಕಥೆಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದಾಗ ಸಾಮ್ಯಕ್ಕಿಂತ ವ್ಯತ್ಯಾಸವೇ ಹೆಚ್ಚು ಮಹತ್ವದ್ದೆನಿಸುತ್ತದೆ. ಜೀವನದಲ್ಲಿ ತಾಯಿಯ ಹಿಂದೆಯೇ ಅಜ್ಜಿಯೂ ಹೋದರು, ತಂದೆ ಉಳಿದರು. ಕಥೆಯಲ್ಲಿ ತಂದೆ ಕಾಲರಾಕ್ಕೆ ಬಲಿಯಾಗುತ್ತಾನೆ, ತಾಯಿಯೂ ಸೊರಗಿ ಸಾಯುತ್ತಾಳೆ, ಅಜ್ಜಿ ಮಾತ್ರ ಉಳಿಯುತ್ತಾಳೆ. ಯಾರನ್ನು ಉಳಿಸಿಕೊಳ್ಳಲು ಬಾಲಕ ಧನಪತರಾಯನಿಗೆ ಆಗಲಿಲ್ಲವೋ ಆಕೆಯನ್ನು ಲೇಖಕರು ಕಥೆಯಲ್ಲಿ ಉಳಿಸಿಕೊಂಡಿದ್ದಾರೆ. ಆತ್ಮಕಥನದ ಛಾಯೆಯುಳ್ಳ ‘ಚೋರಿ’ ಕಥೆಯೊಡನೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯ ಬಾಲಕರು ಮನೆಯಿಂದ ಒಂದು ರೂಪಾಯಿ ಕದ್ದು ಸಿಕ್ಕಿಬೀಳುತ್ತಾರೆ. ಅದು ನೆನಪಿನ ಸಾಮಗ್ರಿ. ತನ್ನ ಪಾಲಿನ ಪೈಸೆಯನ್ನೂ ತನಗಾಗಿ ಬಳಸದ ಹಾಮಿದ್ ಹಂಬಲದ ಸೃಷ್ಟಿ. ಆದುದರಿಂದ ‘ಈದ್‌ಗಾಹ್’ ಲೇಖಕರ ಬಾಲ್ಯದ ದಾಖಲೆಯಲ್ಲ. ಆ ಬಾಲ್ಯಕ್ಕೆ ತಡವಾಗಿ ಸಂದ ಪರಿಹಾರ.

ಈ ಪರಿಹಾರಕ್ಕೆ ರೂಪ ದೊರೆತುದು ಜನಪದ ಕಥೆಯಿಂದ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ ಕಿನ್ನರ ಕಥೆಗಳ ರಚನೆಯಲ್ಲಿ ‘ಕೊರತೆ’ಯೇ ಕಥೆಯನ್ನು ಚಲಿಸುವಂತೆ ಮಾಡುತ್ತದೆ: ಕೊರತೆ, ಪ್ರಯಾಣ, ಪರೀಕ್ಷೆ, ವಸ್ತುಪ್ರಾಪ್ತಿ, ಮರಳಿಕೆ. ಹಾಮಿದನ ಮೂರು ಹರದಾರಿಯ ನಡಿಗೆ ಇದೇ ಜಾಡಿನಲ್ಲಿದೆ. ತೊಟ್ಟಿಲು, ಆಟಿಕೆ, ಮಿಠಾಯಿಗಳು ಅವನ ಪರೀಕ್ಷೆಗಳು. ಮೊಹಸಿನ್ ನೀರು ಹೊರುವ ಭಿಶ್ತಿಯನ್ನೂ ಮಹಮೂದ್ ಸಿಪಾಯಿಯನ್ನೂ ನೂರೇ ವಕೀಲನನ್ನೂ ಕೊಳ್ಳುತ್ತಾರೆ. ಎಲ್ಲವೂ ಮಣ್ಣಿನವು, ಮನೆ ಸೇರುತ್ತಲೇ ಒಂದೊಂದಾಗಿ ಭಗ್ನವಾಗುತ್ತವೆ. ಉಳಿಯುವುದು ಕಬ್ಬಿಣ. ಎಲ್ಲರೂ ಕಡೆಗಣಿಸಿದ ಕಿರಿಯನು ಎಲ್ಲರೂ ಕಡೆಗಣಿಸಿದ ವಸ್ತುವಿನಿಂದ ಗೆಲ್ಲುವ ಆಶಯ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಜನಪದ ಕಥೆಗಳಲ್ಲಿದೆ. ದಾರಿಯಲ್ಲಿ ನಡೆಯುವ ವಾಗ್ವಾದದಲ್ಲಿ ಹಾಮಿದ್ ತನ್ನ ಇಕ್ಕಳವನ್ನು ಬಂದೂಕವಾಗಿ, ಫಕೀರನ ಚಿಮ್ಟಾ ಆಗಿ, ಹುಲಿಯನ್ನೂ ಮಣಿಸುವ ವೀರನಾಗಿ ಬಣ್ಣಿಸಿ ಗೆಲ್ಲುವುದು ಜನಪದದ ಜಾಣ ನಾಯಕನ ಲಕ್ಷಣವೇ ಆಗಿದೆ.

ಆದರೂ ಪ್ರೇಮಚಂದರು ಜನಪದ ಮಾದರಿಯನ್ನು ಮುಖ್ಯವಾದ ಒಂದೆಡೆ ಮುರಿಯುತ್ತಾರೆ. ಜನಪದ ಕಥೆಯಲ್ಲಿ ಹಲವು ವೇಳೆ ಮುದುಕಿ ದಾನಿ. ನಾಯಕನಿಗೆ ಮಾಂತ್ರಿಕ ವಸ್ತು ಕೊಡುವವಳು ಅವಳು. ಇಲ್ಲಿ ಕೊಡುವವನು ಬಾಲಕ, ಪಡೆಯುವವಳು ಮುದುಕಿ. ವಸ್ತುವಿನಲ್ಲಿಯೂ ಮಾಯೆಯಿಲ್ಲ. ಅಂಗಡಿಯವನು ಆರು ಪೈಸೆಯಿಂದ ಐದಕ್ಕಿಳಿದು, ಕೊನೆಗೆ ಹಾಮಿದ್ ಹೇಳಿದ ಮೂರು ಪೈಸೆಗೆ ಕೊಟ್ಟ ಸರಕು ಅದು. ಮನೆಯಲ್ಲಿ ಉಳಿದಿದ್ದುದೇ ಎರಡಾಣೆ, ಎಂದರೆ ಎಂಟು ಪೈಸೆ: ಮೂರು ಹಾಮಿದನ ಜೇಬಿನಲ್ಲಿ, ಐದು ಅಮೀನಾಳ ಚೀಲದಲ್ಲಿ. ಈ ಲೆಕ್ಕದ ನಿಖರತೆ ಬಡತನವನ್ನು ಉಂಡವರಿಗೆ ಮಾತ್ರ ಸಾಧ್ಯ. ಕಥೆಯ ಚೌಕಟ್ಟು ಜನಪದದ್ದಾದರೆ, ಅದರೊಳಗಿನ ಲೆಕ್ಕ ಲೇಖಕರ ಬದುಕಿನದು.

ಪ್ರೇಮಚಂದರು 1916ರಿಂದ 1921ರವರೆಗೆ ಗೋರಖಪುರದಲ್ಲಿ ಶಿಕ್ಷಕರಾಗಿದ್ದರು. ಅವರ ವಾಸಸ್ಥಳಕ್ಕೆ ಸಮೀಪದ ಈದ್‌ಗಾಹವೇ ಈ ಕಥೆಗೆ ಪ್ರೇರಣೆಯೆಂಬ ನಂಬಿಕೆ ಆ ಊರಿನಲ್ಲಿದೆ. ಇದನ್ನು ಪುರಾವೆಯೆಂದು ಸ್ವೀಕರಿಸಬೇಕಾಗಿಲ್ಲ, ಸ್ಥಳೈತಿಹ್ಯವೆಂದು ಸ್ವೀಕರಿಸಬಹುದು. ಜನಪದದಿಂದ ರೂಪ ಪಡೆದ ಕಥೆಯೊಂದು ಮತ್ತೆ ಜನರ ಬಾಯಿಗೆ ಬಂದು ಐತಿಹ್ಯವನ್ನು ಹುಟ್ಟಿಸಿರುವುದು ಜಾನಪದ ಅಧ್ಯಯನಕಾರರಿಗೆ ಮುಖ್ಯ.

ಶಾಲಾಪಠ್ಯಗಳಲ್ಲಿ ಈ ಕಥೆಯನ್ನು ತ್ಯಾಗದ ನೀತಿಪಾಠವಾಗಿ ಬೋಧಿಸುವುದು ರೂಢಿ. ಲೇಖಕರ ಜೀವನವನ್ನು ಬಲ್ಲವರಿಗೆ ಈ ಓದು ಅಪೂರ್ಣವೆನಿಸುತ್ತದೆ. ಇಕ್ಕಳವನ್ನು ಕಂಡ ಅಮೀನಾ ಮೊದಲು ಸಿಟ್ಟಾಗುತ್ತಾಳೆ, ಅನಂತರ ಮಗುವಿನಂತೆ ಅಳುತ್ತಾಳೆ. ಹಾಮಿದ್ ಹಿರಿಯನಂತೆ ನಿಂತಿರುತ್ತಾನೆ. ಆ ಕಣ್ಣೀರಿನಲ್ಲಿ ಹೆಮ್ಮೆಯಷ್ಟೇ ಶೋಕವೂ ಇದೆ. ಹಬ್ಬದ ದಿನವೂ ಮಗು ಮಗುವಾಗಿ ಇರಲಾಗಲಿಲ್ಲವೆಂಬುದು ಅದರ ಕಾರಣ. ಹಾಮಿದನನ್ನು ಆದರ್ಶ ಬಾಲಕನೆಂದು ಕೊಂಡಾಡುವ ಮುನ್ನ, ಅವನನ್ನು ಅಷ್ಟು ಬೇಗ ಹಿರಿಯನನ್ನಾಗಿಸಿದ ಬಡತನವನ್ನು ಓದುಗರು ಕಾಣಬೇಕು. ಬಾಲ್ಯವನ್ನು ಬೇಗ ಕಳೆದುಕೊಂಡ ಲೇಖಕರು ಈ ಕಥೆಯಲ್ಲಿ ತೋರಿಸಿರುವುದು ಅದನ್ನೇ.