‘ಮಿಂಚುಹುಳುಗಳ ಗೋರಿ’ಯಲ್ಲಿ ಕರುಣರಸ

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಚಿತ್ರದರ್ಶನದ ಸನ್ನಿವೇಶವೊಂದುಂಟು. ಲಕ್ಷ್ಮಣನು ತೋರಿಸುವ ಚಿತ್ರಗಳನ್ನು ನೋಡುತ್ತ ಸೀತಾರಾಮರು ತಾವು ಹಿಂದೆ ಪಟ್ಟ ಕಷ್ಟಗಳನ್ನು ಮತ್ತೊಮ್ಮೆ ಪಡುತ್ತಾರೆ. ಎದುರಿಗಿರುವುದು ಬರಿಯ ಗೆರೆಯೂ ಬಣ್ಣವೂ ಎಂದು ಬಲ್ಲವರಾಗಿಯೂ ಅವರ ಕಣ್ಣು ತುಂಬಿಬರುತ್ತದೆ. ಬರೆದ ಚಿತ್ರಕ್ಕೆ ಶೋಕವನ್ನು ಎಚ್ಚರಗೊಳಿಸುವ ಶಕ್ತಿಯುಂಟೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಕಿಲ್ಲ. ಆದರೂ ಜಪಾನೀಯರ ಚಿತ್ರಕಲೆಯ ಎರಡು ಹೊಸ ಕವಲುಗಳಾದ ‘ಮಾಂಗಾ’ ಎಂಬ ಅಚ್ಚಿನ ಚಿತ್ರಕಥೆಯನ್ನೂ ‘ಆನಿಮೆ’ ಎಂಬ ಚಲಿಸುವ ಚಿತ್ರವನ್ನೂ ಮಕ್ಕಳ ವಿನೋದವೆಂದು ತಳ್ಳಿಬಿಡುವವರು ವಿದ್ಯಾವಂತರ ಮನೆಗಳಲ್ಲಿಯೂ ಕಡಮೆಯಿಲ್ಲ. ಅಂಥವರು ಒಮ್ಮೆ ನೋಡಿ ವಿಚಾರಮಾಡತಕ್ಕ ಕೃತಿ ಇಸಾವೊ ತಕಾಹತರು ನಿರ್ದೇಶಿಸಿದ ‘ಹೊತಾರು ನೊ ಹಾಕಾ’, ಎಂದರೆ ‘ಮಿಂಚುಹುಳುಗಳ ಗೋರಿ’. ಇದು 1988ನೆಯ ಏಪ್ರಿಲ್ 16ರಂದು, ಹಯಾವೊ ಮಿಯಾಜಾಕಿಯವರ ‘ತೊತೊರೊ’ ಚಿತ್ರದ ಜೊತೆಯಲ್ಲಿ, ಜಪಾನಿನಲ್ಲಿ ತೆರೆಕಂಡಿತು. ಎರಡೂ ಘಿಬ್ಲಿ ಚಿತ್ರಶಾಲೆಯ ಕೃತಿಗಳು. ಒಂದು ಮಕ್ಕಳನ್ನು ನಗಿಸುವುದು, ಇನ್ನೊಂದು ಹಿರಿಯರನ್ನು ಅಳಿಸುವುದು.

ಕಥೆಯ ಮೂಲವು ಅಕಿಯುಕಿ ನೊಸಾಕರು 1967ರಲ್ಲಿ ಬರೆದ, ನಯೋಕಿ ಪ್ರಶಸ್ತಿಗೆ ಪಾತ್ರವಾದ ಸಣ್ಣ ಕಥೆ. 1945ರಲ್ಲಿ ಹದಿನಾಲ್ಕು ವರ್ಷದವರಾಗಿದ್ದ ನೊಸಾಕರು, ಸಾಕುಮನೆಯ ಎಳೆಯ ತಂಗಿಯೊಬ್ಬಳನ್ನು ಹಸಿವಿನಿಂದಲೇ ಕಳೆದುಕೊಂಡರು. ಕಥೆಯೊಳಗಿನ ಅಣ್ಣನಷ್ಟು ಕರುಣೆ ತಮಗೆ ಆಗ ಇರಲಿಲ್ಲವೆಂದೂ ತಂಗಿಯ ಪಾಲಿನದನ್ನು ತಾವು ತಿಂದುದುಂಟೆಂದೂ ಅವರು ಮುಂದೆ ಒಪ್ಪಿಕೊಂಡಿದ್ದಾರೆ. ಕಥೆಯು ಆ ತಪ್ಪಿಗೆ ಮಾಡಿಕೊಂಡ ಪ್ರಾಯಶ್ಚಿತ್ತ. ತಕಾಹತರಾದರೋ ಅದೇ ವರ್ಷದ ಜೂನ್ 29ರಂದು ಒಕಾಯಾಮಾ ಪಟ್ಟಣದ ಮೇಲೆ ಬೆಂಕಿಯ ಮಳೆ ಸುರಿದಾಗ ಒಂಬತ್ತು ವರ್ಷದ ಬಾಲಕರಾಗಿ, ಸೋದರಿಯೊಡನೆ ಓಡಿ ಜೀವವುಳಿಸಿಕೊಂಡವರು. ಒಬ್ಬರ ಪಶ್ಚಾತ್ತಾಪವೂ ಇನ್ನೊಬ್ಬರ ಸ್ಮೃತಿಯೂ ಕೂಡಿ ಈ ಚಿತ್ರವಾಗಿದೆ.

ಕಥಾವಸ್ತು ಸರಳವಾದುದು. ಜೂನ್ 5ರ ದಾಳಿಯಲ್ಲಿ ಕೋಬೆ ಪಟ್ಟಣವು ಉರಿದು, ಹದಿನಾಲ್ಕು ವರ್ಷದ ಸೇಯ್ತನೂ ನಾಲ್ಕು ವರ್ಷದ ತಂಗಿ ಸೆತ್ಸುಕೊವೂ ತಾಯಿಯನ್ನು ಕಳೆದುಕೊಳ್ಳುತ್ತಾರೆ. ತಂದೆಯು ನೌಕಾಪಡೆಯ ಅಧಿಕಾರಿ, ಅವನಿಂದ ಸುದ್ದಿಯಿಲ್ಲ. ನಿಶಿನೊಮಿಯದಲ್ಲಿ ದೂರದ ಬಂಧುವಾದ ವಿಧವೆಯ ಮನೆ ಸೇರಿದ ಮಕ್ಕಳು ಅಲ್ಲಿಯ ಕಟುನುಡಿಯನ್ನು ತಾಳಲಾರದೆ, ದಾಳಿಯ ಕಾಲದಲ್ಲಿ ಅಡಗುವುದಕ್ಕೆ ಗುಡ್ಡದ ಮಗ್ಗುಲಲ್ಲಿ ತೋಡಿದ್ದ ಗವಿಯೊಂದಕ್ಕೆ ಹೋಗಿ ನಿಲ್ಲುತ್ತಾರೆ. ಅನ್ನವು ತೀರುತ್ತದೆ. ತಂಗಿಯು ಗವಿಯಲ್ಲಿಯೂ, ಅಣ್ಣನು ಸೆಪ್ಟೆಂಬರ್ 21ರ ರಾತ್ರಿ ಸನ್ನೊಮಿಯ ರೈಲ್ವೆ ನಿಲ್ದಾಣದಲ್ಲಿಯೂ ಸಾಯುತ್ತಾರೆ.

ಈ ಸಾವನ್ನು ಮೊದಲ ಮಾತಿನಲ್ಲಿಯೇ ಹೇಳಿಬಿಟ್ಟಿರುವುದು ಚಿತ್ರದ ಪ್ರಥಮ ಗುಣ. ಸೇಯ್ತನ ಪ್ರೇತಾತ್ಮವು ತಾನು ಸತ್ತ ದಿನವನ್ನು ತಾನೇ ನುಡಿಯುತ್ತದೆ. ‘ಮುಂದೇನಾಗುವುದೋ’ ಎಂಬ ಕುತೂಹಲಕ್ಕೆ ಆಸ್ಪದವೇ ಉಳಿಯುವುದಿಲ್ಲ. ರಾಮಕಥೆಯನ್ನು ಕೇಳುವವರು ಕಥೆಯನ್ನು ಮೊದಲೇ ಬಲ್ಲವರಾದುದರಿಂದ ಅವರ ಮನಸ್ಸು ಕಥಾಂತ್ಯದ ಕಡೆಗೆ ಓಡದೆ ಪ್ರತಿಯೊಂದು ಸಂದರ್ಭದಲ್ಲಿಯೂ ನಿಲ್ಲುವಂತೆ, ಇಲ್ಲಿಯೂ ನೋಡುವವನ ಕಣ್ಣು ಸಣ್ಣ ಸಣ್ಣ ವಸ್ತುಗಳ ಮೇಲೆ ನಿಲ್ಲುತ್ತದೆ. ಹಣ್ಣಿನ ರುಚಿಯ ಪೆಪ್ಪರಮೆಂಟಿನ ತಗಡು ಡಬ್ಬಿಯೊಂದು ಮೊದಲಿನಿಂದ ಕೊನೆಯವರೆಗೆ ಬರುತ್ತದೆ. ಮೊದಲು ಅದು ಅಳುವ ಮಗುವನ್ನು ಸಂತೈಸುತ್ತದೆ. ಸಿಹಿ ತೀರಿದ ಮೇಲೆ ಅಣ್ಣನು ಅದರಲ್ಲಿ ನೀರು ತುಂಬಿ ಕುಲುಕಿ ಕುಡಿಸುತ್ತಾನೆ. ಕಡೆಗೆ ಅದೇ ಡಬ್ಬಿಯಲ್ಲಿ ತಂಗಿಯ ಅಸ್ಥಿಯಿರುತ್ತದೆ. ನಿಲ್ದಾಣದ ಆಳೊಬ್ಬನು ಅದೇನೆಂದರಿಯದೆ ಕತ್ತಲೆಗೆ ಎಸೆಯುತ್ತಾನೆ. ಒಂದೇ ವಸ್ತುವು ಸ್ವಲ್ಪವೂ ಮಾರ್ಪಡದೆ, ಅದರ ಅರ್ಥ ಮಾತ್ರ ಮಾರ್ಪಡುತ್ತ ಹೋಗುವುದು ಉತ್ತಮವಾದ ಉದ್ದೀಪನವಿಭಾವ.

ಇನ್ನು ವಿವಾದಾಸ್ಪದವಾದ ವಿಷಯಕ್ಕೆ ಬರಬೇಕು. ಈ ಚಿತ್ರವನ್ನು ನೋಡಿದವರಲ್ಲಿ ಎರಡು ಪಕ್ಷಗಳುಂಟು. ಮಕ್ಕಳ ಸಾವಿಗೆ ಆ ವಿಧವೆಯೇ ಕಾರಣಳೆಂಬುದು ಒಂದು ಪಕ್ಷ. ಮಕ್ಕಳ ತಾಯಿಯ ರೇಷ್ಮೆಯುಡುಪುಗಳನ್ನು ಕೊಟ್ಟು ಅಕ್ಕಿ ತಂದವಳು ಅವಳು. ಆದರೆ ಬಡಿಸುವಾಗ ಸೌಟನ್ನು ತಳಕ್ಕಿಳಿಸಿ ಅಗುಳನ್ನು ತನ್ನ ಮಗಳಿಗೂ ಮನೆಯಲ್ಲಿರುವ ಬಿಡಾರದವನಿಗೂ ಹಾಕಿ, ಮೇಲಿನ ತಿಳಿಯನ್ನು ಈ ಅನಾಥರಿಗೆ ಹೊಯ್ಯುತ್ತಾಳೆ. ಪಂಕ್ತಿಭೇದವು ಎಂಥ ದೋಷವೆಂಬುದನ್ನು ಬಲ್ಲ ಮನೆಗಳಲ್ಲಿ ಈ ದೃಶ್ಯಕ್ಕೆ ವ್ಯಾಖ್ಯಾನವು ಬೇಡ. ಎರಡನೆಯ ಪಕ್ಷದವರು ಸೇಯ್ತನನ್ನೇ ದೂರುತ್ತಾರೆ. ಮನೆಯೊಡತಿಯ ಮಗಳು ದುಡಿಯುತ್ತಾಳೆ, ಬಿಡಾರದವನು ದುಡಿಯುತ್ತಾನೆ. ಇವನು ಕೆಲಸಕ್ಕೂ ಹೋಗುವುದಿಲ್ಲ, ನೆರೆಹೊರೆಯವರೊಡನೆ ಬೆಂಕಿಯಾರಿಸುವುದಕ್ಕೂ ಕೂಡುವುದಿಲ್ಲ. ತಾಯಿಯು ಬ್ಯಾಂಕಿನಲ್ಲಿಟ್ಟಿದ್ದ 7000 ಯೆನ್ನುಗಳ ಬಲದಿಂದ ಬೇರೆ ಒಲೆ ಹೂಡುತ್ತಾನೆ. ಹಿಂದಿರುಗಿ ಹೋಗಿ ತಪ್ಪೊಪ್ಪಿಕೊಂಡು ಆ ಮನೆಯಲ್ಲಿಯೇ ಇರೆಂದು ರೈತನೊಬ್ಬನು ಹೇಳಿದ ಹಿತವಚನವನ್ನೂ ಕೇಳುವುದಿಲ್ಲ. ಹುಡುಗನ ಅಭಿಮಾನವೇ ತಂಗಿಯನ್ನು ಕೊಂದಿತೆಂಬುದು ಇವರ ವಾದ.

ಎರಡು ವಾದಗಳಿಗೂ ಚಿತ್ರದಲ್ಲಿ ಆಧಾರವುಂಟು. ಆದರೆ ಯಾವುದೊಂದನ್ನು ಹಿಡಿದರೂ ಚಿತ್ರವು ಕೈತಪ್ಪಿಹೋಗುತ್ತದೆ. ರೌದ್ರದ ಕರ್ಮವೇ ಕರುಣವಾಗುವುದೆಂದು ಭರತನ ಮತ. ಆಕಾಶದಿಂದ ಬಿದ್ದ ಬೆಂಕಿಯ ರೌದ್ರಕ್ಕೆ ಗವಿಯೊಳಗಿನ ಮಗುವಿನ ಹಸಿವು ಫಲವಾಗಿ ಬಂದಿದೆ. ಆದರೆ ಸಹೃದಯನ ಕ್ರೋಧವು ಒಬ್ಬ ವ್ಯಕ್ತಿಯ ಮೇಲೆ ನೆಟ್ಟರೆ, ಶೋಕವು ಅಲ್ಲಿಗೇ ನಿಂತುಹೋಗುತ್ತದೆ. ಅಪರಾಧಿಯು ಸಿಕ್ಕಿದನೆಂಬ ಸಮಾಧಾನದಿಂದ ಅವನು ಕಣ್ಣೊರಸಿಕೊಂಡು ಎದ್ದುಹೋಗಬಹುದು. ತಕಾಹತರು ಇದಕ್ಕೆ ಎಡೆಗೊಟ್ಟಿಲ್ಲ. ಆ ವಿಧವೆಯು ರಾಕ್ಷಸಿಯಲ್ಲ; ಅಳತೆಯ ಅಕ್ಕಿಯಿಂದ ಸಂಸಾರವನ್ನು ಸಾಗಿಸಬೇಕಾದ ಗೃಹಿಣಿ. ಸೇಯ್ತನು ಮೂರ್ಖನಲ್ಲ, ತಂಗಿಯನ್ನು ನಗಿಸಬೇಕೆಂಬ ಒಂದೇ ಆಸೆಯುಳ್ಳ ಬಾಲಕ. ಇದು ಕೇವಲ ಯುದ್ಧವಿರೋಧದ ಚಿತ್ರವಲ್ಲವೆಂದು ತಕಾಹತರೇ ಹೇಳಿದ್ದುಂಟು. ಕಾಲವು ತಿರುಗಿಬಿದ್ದರೆ ಜನರು ಆ ವಿಧವೆಗಿಂತ ಹೆಚ್ಚಾಗಿ ಸೇಯ್ತನನ್ನು ನಿಂದಿಸಬಹುದೆಂಬ ಭಯವನ್ನೂ ಅವರು 1988ರಲ್ಲಿಯೇ ವ್ಯಕ್ತಪಡಿಸಿದ್ದರು. ಎರಡನೆಯ ಪಕ್ಷವು ಈಚೆಗೆ ಬೆಳೆದಿರುವುದನ್ನು ನೋಡಿದರೆ ಆ ಭಯವು ನಿರಾಧಾರವಾದುದಲ್ಲ. ‘ದುಡಿಯದವನಿಗೆ ಅನ್ನವೇಕೆ’ ಎಂಬ ಮಾತು ಕೇಳುವುದಕ್ಕೆ ನ್ಯಾಯವಾಗಿದೆ. ನಾಲ್ಕು ವರ್ಷದ ಮಗುವಿನ ಬಟ್ಟಲಿನ ಮುಂದೆ ಅದನ್ನು ಆಡಿ ನೋಡಿದಾಗ ಮಾತ್ರ ಅದರ ಕ್ರೌರ್ಯವು ತಿಳಿಯುತ್ತದೆ.

ಇದೇ ಕಾಲದ ಇದೇ ದುಃಖವನ್ನು ಇನ್ನೊಂದು ವಿಧವಾಗಿ ನಿರೂಪಿಸಿದ ಕೃತಿ ಕೇಜಿ ನಕಜಾವರ ‘ಹಾದಶಿ ನೊ ಗೆನ್’, ಎಂದರೆ ‘ಬರಿಗಾಲಿನ ಗೆನ್’ ಎಂಬ ಮಾಂಗಾ. ಹಿರೋಶಿಮಾದಲ್ಲಿ ಆರು ವರ್ಷದ ಬಾಲಕನಾಗಿ ತಂದೆಯನ್ನೂ ಅಕ್ಕನನ್ನೂ ತಮ್ಮನನ್ನೂ ಕಳೆದುಕೊಂಡ ನಕಜಾವರು 1973ರಿಂದ ಅದನ್ನು ಬರೆದರು; 1983ರಲ್ಲಿ ಅದು ಚಲಿಸುವ ಚಿತ್ರವೂ ಆಯಿತು. ಗೆನ್ ಎಂಬ ಹುಡುಗನು ತುಳಿದಷ್ಟೂ ನೆಟ್ಟಗೆ ಬೆಳೆಯುವ ಗೋದಿಯ ಪೈರಿನಂಥವನು. ಯುದ್ಧವನ್ನು ತಂದವರು ಯಾರೆಂದು ಆ ಕೃತಿಯು ಕೂಗಿ ಹೇಳುತ್ತದೆ. ಅಲ್ಲಿ ಉತ್ಸಾಹವೇ ಸ್ಥಾಯಿ. ಕರುಣವು ವೀರಕ್ಕೆ ಅಂಗವಾಗಿದೆ. ಹುಡುಗರ ಕೈಗೆ ಕೊಡುವುದಕ್ಕೆ ಗೆನ್ ಹೆಚ್ಚು ಆರೋಗ್ಯಕರವಾದ ಕೃತಿಯೆಂದರೆ ತಪ್ಪಾಗಲಾರದು. ಆದರೆ ಕರುಣವು ಅಂಗಿಯಾಗಿ ನಿಂತು ಪರಿಪೋಷವನ್ನು ಪಡೆದಿರುವುದು ತಕಾಹತರ ಚಿತ್ರದಲ್ಲಿಯೇ.

ಆ ಪರಿಪೋಷಕ್ಕೆ ಒಂದು ನಿದರ್ಶನವು ಸಾಕು. ಸೆತ್ಸುಕೊ ಸತ್ತ ಮೇಲೆ ರೋದನವಿಲ್ಲ. ಯುದ್ಧವು ಮುಗಿದು, ಕೊಳದ ಆಚೆಯ ದೊಡ್ಡ ಮನೆಗೆ ಸ್ಥಿತಿವಂತರ ಹುಡುಗಿಯರು ಹಿಂದಿರುಗಿ ಬರುತ್ತಾರೆ. ಮನೆಯ ಸುಖವನ್ನು ಹೊಗಳುವ ಹಳೆಯ ಇಂಗ್ಲಿಷ್ ಹಾಡೊಂದು ಗ್ರಾಮಫೋನಿನಿಂದ ತೇಲಿಬರುತ್ತದೆ. ಆ ಹಾಡಿನ ಜೊತೆಯಲ್ಲಿ, ಅಣ್ಣನು ಅನ್ನಕ್ಕಾಗಿ ಅಲೆಯುತ್ತಿದ್ದಾಗ ಮಗುವು ಗವಿಯ ಬಾಗಿಲಲ್ಲಿ ಒಬ್ಬಳೇ ಆಡಿಕೊಂಡಿದ್ದ ದೃಶ್ಯಗಳು ಒಂದಾದಮೇಲೊಂದು ಕಾಣುತ್ತವೆ. ಅವಳನ್ನು ಆಗ ಯಾರೂ ನೋಡಿರಲಿಲ್ಲ. ಈಗ ನೋಡುವವನು ಪ್ರೇಕ್ಷಕನೊಬ್ಬನೇ. ಮರಣವು ವಾಚ್ಯವಾಗದೆ ವ್ಯಂಗ್ಯವಾಗಿರುವುದರಿಂದಲೇ ಅದು ಹೃದಯವನ್ನು ಬಿಡುವುದಿಲ್ಲ. ಚಿತ್ರಕಾರರ ಎಚ್ಚರವೂ ಇದಕ್ಕೆ ಅನುಗುಣವಾಗಿದೆ. ಈ ಕಲೆಯಲ್ಲಿ ರೂಢಿಯಾಗಿದ್ದ ಕಪ್ಪು ಗೆರೆಯ ಬದಲಾಗಿ ಕಂದುಗೆರೆಯಿಂದ ಆಕೃತಿಗಳನ್ನು ಬರೆದು ಮೃದುವಾಗಿಸಿದ್ದಾರೆ. ಮಗುವಿನ ಮಾತನ್ನು ಐದು ವರ್ಷದ ಬಾಲೆಯಿಂದ ಮೊದಲು ಆಡಿಸಿ, ಆ ಧ್ವನಿಗೆ ಹೊಂದುವಂತೆ ತುಟಿಯ ಚಲನೆಯನ್ನು ಆಮೇಲೆ ಬರೆದಿದ್ದಾರೆ.

ಕೃತಿಯಲ್ಲಿ ದೋಷವೇ ಇಲ್ಲವೆನ್ನಲಾಗದು. ಸೇಯ್ತನ ನೆನಪಿನಲ್ಲಿ ಜಪಾನಿನ ಯುದ್ಧನೌಕೆಗಳು ದೀಪಾಲಂಕಾರದಿಂದ ಬೆಳಗುತ್ತವೆ. ಅದೇ ನೌಕೆಗಳೂ ಅದೇ ಸೈನ್ಯವೂ ಚೀನಾ, ಮಲಯ, ಫಿಲಿಪ್ಪೀನ್ಸ್ ದೇಶಗಳಲ್ಲಿ ಎಷ್ಟು ಮಕ್ಕಳನ್ನು ಅನಾಥರನ್ನಾಗಿ ಮಾಡಿದವೆಂಬುದರ ನೆರಳು ಕೂಡ ಚಿತ್ರದ ಮೇಲೆ ಬಿದ್ದಿಲ್ಲ. ಇದು ಹುಡುಗನ ದೃಷ್ಟಿಯೆಂದು ಸಮಾಧಾನ ಹೇಳಬಹುದು. ಆದರೆ ಹುಡುಗನಿಗಿಂತ ಹೆಚ್ಚು ಬಲ್ಲ ಕವಿಯು ಅವನ ಹಿಂದೆ ನಿಂತಿದ್ದಾನೆ. ಒಂದು ಸೂಚನೆಯನ್ನಾದರೂ ಆತನು ಕೊಟ್ಟಿದ್ದರೆ ಕರುಣವು ಒಂದು ದೇಶದ ಎಲ್ಲೆಯನ್ನು ದಾಟುತ್ತಿತ್ತು.

ಚಿತ್ರದ ಕೊನೆಯಲ್ಲಿ ಅಣ್ಣತಂಗಿಯರ ಆತ್ಮಗಳು ಬೆಟ್ಟದ ಮೇಲೆ ಕುಳಿತು, ಕೆಳಗೆ ಹೊಳೆಯುವ ಇಂದಿನ ಕೋಬೆ ನಗರವನ್ನು ನೋಡುತ್ತವೆ. ಅಲ್ಲಿ ಯಾರಿಗೂ ಹಸಿವಿಲ್ಲ. ಬಡಿಸುವ ಪಾತ್ರೆಗಳು ತುಂಬಿವೆ. ಪಾತ್ರೆ ತುಂಬಿದ್ದಾಗ ಎಲ್ಲ ಮನೆಯ ಸೌಟುಗಳೂ ಧಾರಾಳವಾಗಿಯೇ ಇರುತ್ತವೆ. ಅದು ಬರಿದಾಗುತ್ತ ಬಂದ ದಿನ, ಪಂಕ್ತಿಯ ಕೊನೆಯಲ್ಲಿ ಕುಳಿತ ಪರರ ಮಗುವಿಗೆ ಸೌಟು ಎಷ್ಟು ಆಳಕ್ಕಿಳಿಯುವುದೆಂಬುದನ್ನು ಕುರಿತು ಗೃಹಸ್ಥರು ಯೋಚಿಸುವಂತೆ ಮಾಡುವುದೇ ಈ ಚಿತ್ರದ ಪ್ರಯೋಜನ. ಅತ್ತು ಹಗುರಾಗಬೇಕೆನ್ನುವವರಿಗೆ ಬೇರೆ ಚಿತ್ರಗಳು ಬೇಕಾದಷ್ಟಿವೆ.